ಎಂಜಿನ್ ನಿಲ್ಲಿಸಿದ ಮೇಲೆ ಕೇಳಿದ ಸದ್ದು

ವಿದ್ಯಾನಗರದಲ್ಲಿರುವ ನನ್ನ ಕಿವಿ ಪರೀಕ್ಷೆಯ ಕೋಣೆಯ ಕಪಾಟಿನಲ್ಲಿ ಎರಡು ಹೆಡ್‌ಫೋನುಗಳಿವೆ. ಒಂದು, ಪರೀಕ್ಷೆಗೆ ಬಂದವರ ತಲೆಗೆ ಇಡುವಂಥದ್ದು. ದಿನಕ್ಕೆ ಹದಿನೈದು ಸಲ ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ಅದರ ಬಣ್ಣವೇ ಮಾಸಿದೆ. ಇನ್ನೊಂದು ದೊಡ್ಡದು, ಕಪ್ಪು, ಒಂದು ಬದಿಯ ಮೆತ್ತೆಯಲ್ಲಿ ಎಂಜಿನ್ ಆಯಿಲಿನ ಕಲೆ ಇರುವಂಥದ್ದು. ಕಳೆದ ವಾರ ಬಂದಿದ್ದ ಒಬ್ಬರು ಅಜ್ಜಿ ಅದನ್ನು ಕಂಡು, "ಅದನ್ನು ಇಟ್ಟರೆ ಜಾಸ್ತಿ ಕೇಳ್ತದಾ ಡಾಕ್ಟ್ರೇ?" ಎಂದು ಕೇಳಿದರು. "ಇಲ್ಲ ಅಮ್ಮ, ಅದು ಕಾರಿನದ್ದು" ಎಂದೆ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಮಗನ ಕಡೆ ತಿರುಗಿ, ಮಂಗಳೂರಿನಲ್ಲಿಯೂ ಒಮ್ಮೆ ತೋರಿಸುವ ಬಗ್ಗೆ ಮೆಲ್ಲಗೆ ಏನೋ ಹೇಳಿದರು. ಮೆಲ್ಲಗೆ ಎಂದು ಅವರ ಎಣಿಕೆ. ಕಿವಿ ಮಂದವಾದವರ ಗುಟ್ಟು ಹೊರಗಿನ ಬೆಂಚಿನವರೆಗೂ ಕೇಳುತ್ತದೆ.

ಕಾರಿಗೆ ಹೆಡ್‌ಫೋನು ಯಾಕೆ ಎಂದು ನೀವೂ ಕೇಳಬಹುದು. ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ತಮ್ಮ ದಿನೇಶನ ಬಗ್ಗೆ ಹೇಳಬೇಕು. ಅವನ ಬಗ್ಗೆ ಹೇಳಬೇಕಾದರೆ ನಮ್ಮ ಅಪ್ಪನ ಸ್ಕ್ರೂಡ್ರೈವರಿನಿಂದ ಹೊರಡಬೇಕು.

ಮಂಗಲ್ಪಾಡಿಯ ನಮ್ಮ ಮನೆಯ ಕೆಳಗೆ ಒಂದು ತುಂಡು ಗದ್ದೆ, ಗದ್ದೆಯ ಮೂಲೆಯಲ್ಲಿ ಡೀಸೆಲ್ ಪಂಪು. ಅಪ್ಪ ಊರಿನ ಅಂಥ ಪಂಪುಗಳಿಗೆಲ್ಲ ವೈದ್ಯ. ಅವರ ಬಳಿ ಒಂದು ಉದ್ದದ ಸ್ಕ್ರೂಡ್ರೈವರ್ ಇತ್ತು. ಓಡುತ್ತಿರುವ ಎಂಜಿನ್ನಿಗೆ ಅದರ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ನಮ್ಮಿಬ್ಬರ ಕಿವಿಗೂ ಇಟ್ಟು "ಎಂತ ಕೇಳ್ತದೆ?" ಎನ್ನುತ್ತಿದ್ದರು. "ಅಜ್ಜ ಕೆಮ್ಮಿದ ಹಾಗೆ" ಎಂದು ನಾನು. "ವಾಲ್ವು ಲೂಸು" ಎಂದು ನನಗಿಂತ ನಾಲ್ಕು ವರ್ಷ ಚಿಕ್ಕವನಾದ ದಿನೇಶ. ಅವನ ಉತ್ತರವೇ ಸರಿಯಾಗಿರುತ್ತಿತ್ತು. ಜಗಲಿಯಲ್ಲಿ ಬೆನ್ನು ಹಾಕಿ ಕುಳಿತು, ರಸ್ತೆಯಲ್ಲಿ ಬರುವ ಬಸ್ಸು ಯಾವುದೆಂದು ಸದ್ದಿನಲ್ಲೇ ಹೇಳುವ ಆಟದಲ್ಲಿ ನನ್ನ ಹುಣಸೆಬೀಜಗಳೆಲ್ಲ ಅವನ ಪಾಲಾಗುತ್ತಿದ್ದವು. ಹೀಗೆ ಅವನು ಮೆಕ್ಯಾನಿಕ್ಕಾದ. ನಾನು ಸದ್ದನ್ನು ಬಿಟ್ಟು ಕಿವಿಯ ಕಡೆಗೆ ಹೋದೆ.

ದಿನೇಶ ಹದಿನಾಲ್ಕು ವರ್ಷ ಶಾರ್ಜಾದ ಒಂದು ಗ್ಯಾರೇಜಿನಲ್ಲಿದ್ದ. ಅಲ್ಲಿ ಅವನ ಕೆಲಸ ಕೆಟ್ಟ ಕಾರನ್ನು ಸರಿಮಾಡುವುದಲ್ಲ, ಸರಿ ಇರುವ ಕಾರಿನ ಎಂಜಿನ್ನನ್ನು ಇನ್ನೂ ಜೋರು ಮಾಡುವುದು. ಮುಚ್ಚಿದ ಕೋಣೆಯೊಳಗೆ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಇಡೀ ದಿನ ಓಡಿಸುವ ಕೆಲಸ. ಊರಿಗೆ ಬಂದ ವಾರವೇ ಅವನ ಕಿವಿಯನ್ನು ಪರೀಕ್ಷಿಸಿದೆ. ಕಾಗದದ ಮೇಲಿನ ಗೆರೆ ಅರ್ಧ ದಾರಿಯವರೆಗೆ ನೆಟ್ಟಗೆ ಬಂದು, ಆಮೇಲೆ ಬಾವಿಗೆ ಬಿದ್ದಂತೆ ಕೆಳಗಿಳಿಯಿತು. ಹರಿತವಾದ ಸಣ್ಣ ಸದ್ದುಗಳು ಅವನ ಪಾಲಿಗೆ ಮುಗಿದಿದ್ದವು. ಕಣ್ಣು ಮುಚ್ಚಿ ಬಸ್ಸಿನ ಹೆಸರು ಹೇಳುತ್ತಿದ್ದವನು, ನನ್ನ ಕೋಣೆಯಲ್ಲಿ ಸದ್ದು ಕೇಳಿದಾಗ ಗುಂಡಿ ಒತ್ತಲು ಕಾಯುತ್ತ ಕುಳಿತೇ ಇದ್ದ. ನಾನು ಒಂದಾದ ಮೇಲೊಂದು ಸದ್ದು ಕಳಿಸುತ್ತಲೇ ಇದ್ದೆ.

"ಶುರು ಮಾಡು ಅಕ್ಕ" ಎಂದ ಕೊನೆಗೆ.

ನಾನು ಮುಗಿಸಿ ಆಗಿತ್ತು.

ಗಲ್ಫಿನಿಂದ ಬರುವವರು ಕಂಬಳಿ, ಅತ್ತರು ತರುವ ಕಾಲ ಈಗ ಇಲ್ಲ. ಆದರೂ ದಿನೇಶ ಒಂದು ಕಂಬಳಿ ತಂದಿದ್ದ. ಅಮ್ಮ ಆಸೆಯಿಂದ ಬಿಚ್ಚಿದರೆ ಒಳಗೆ ಬಸವನಹುಳದ ಚಿಪ್ಪಿನಂಥ ಒಂದು ಕಬ್ಬಿಣದ ವಸ್ತು. "ಇದು ಎಂತ ಮಗಾ, ಶಂಖವಾ?" ಎಂದರು. ಅದು ಟರ್ಬೊ. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ತಿರುಗಿ, ಹೊಸ ಗಾಳಿಯನ್ನು ಎಂಜಿನ್ನಿನೊಳಗೆ ಒತ್ತಿ ತುಂಬುವ ಚಕ್ರ. ಅಮ್ಮನಿಗೆ ವಿವರಿಸಿದಾಗ ಅವರು, "ಹೋಗುವ ಉಸಿರಿನಲ್ಲಿ ಬರುವ ಉಸಿರು ಎಳೆಯುವುದು ಒಳ್ಳೆಯದಲ್ಲ" ಎಂದು ಹೇಳಿ ಕಂಬಳಿಯನ್ನು ಮಾತ್ರ ಒಳಗೆ ತೆಗೆದುಕೊಂಡು ಹೋದರು.

ಯಾರೋ ಮಾರಿದ ಇಪ್ಪತ್ತು ವರ್ಷ ಹಳೆಯ ಪುಟ್ಟ ಕಾರೊಂದು ನಮ್ಮ ಹಟ್ಟಿಗೆ ಬಂತು. ಹಸುಗಳು ಇಲ್ಲದೆ ಹಟ್ಟಿ ಹೇಗೂ ಖಾಲಿ ಇತ್ತು. ಎರಡು ವರ್ಷ ಅವನು ಅದರೊಳಗೇ ಇದ್ದ. ಎಂಜಿನ್ನನ್ನು ಇಳಿಸಿ, ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿ, ಬಡಿದು ಗಟ್ಟಿಮಾಡಿದ ಪಿಸ್ಟನ್ನುಗಳನ್ನು ಕೂರಿಸಿ, ಶಂಖವನ್ನು ಜೋಡಿಸಿದ. ಆಮೇಲೆ ಸೆನ್ಸರುಗಳು. ಎಣ್ಣೆಯ ಒತ್ತಡಕ್ಕೊಂದು, ಹೊಗೆಯ ಬಿಸಿಗೊಂದು, ಗಾಳಿ ಪೆಟ್ರೋಲುಗಳ ಪ್ರಮಾಣಕ್ಕೊಂದು. ವಯರುಗಳ ನಡುವೆ ಎಂಜಿನ್ನು ಐಸಿಯುವಿನಲ್ಲಿ ಮಲಗಿದವರ ಹಾಗೆ ಕಾಣುತ್ತಿತ್ತು. ಎಲ್ಲ ವಯರುಗಳೂ ಒಂದು ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ. ಕಾರು ಓಡುವಾಗ ಒಂದೊಂದು ಸಂಗತಿಗೂ ಒಂದೊಂದು ಬಣ್ಣದ ಗೆರೆ ಪರದೆಯ ಮೇಲೆ ಹರಿಯುತ್ತದೆ. ಆ ಹೊತ್ತಿಗೆ ಕಾರು ಎಲ್ಲಿತ್ತು, ಚಾಲಕ ಪೆಡಲನ್ನು ಎಷ್ಟು ತುಳಿದಿದ್ದ ಎಂಬುದೂ ದಾಖಲಾಗುತ್ತದೆ.

ಇಂಥ ಎಂಜಿನ್ನಿನ ದೊಡ್ಡ ಶತ್ರು ಒಂದು ಸದ್ದು. ಒಳಗಿನ ಗಾಳಿ ಪೆಟ್ರೋಲು ಕಿಡಿ ಹಾರಿದಾಗ ಹದವಾಗಿ ಉರಿಯಬೇಕು. ಒತ್ತಡ, ಬಿಸಿ ಮಿತಿ ಮೀರಿದರೆ ಅದು ತನ್ನಷ್ಟಕ್ಕೇ ಸಿಡಿದು ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆಯಿಂದ ಬಡಿದಂತೆ ಬಡಿಯುತ್ತದೆ. ನಾಕ್ ಎನ್ನುತ್ತಾರೆ. ಅರ್ಧ ನಿಮಿಷ ಗಮನಿಸದೆ ಬಿಟ್ಟರೆ ಪಿಸ್ಟನ್ನೇ ಹೋಳು. ಅದನ್ನು ಹಿಡಿಯಲು ಎಂಜಿನ್ನಿನ ಮೈಗೆ ತಿರುಚಿ ಕೂರಿಸುವ ಒಂದು ಸೆನ್ಸರ್ ಉಂಟು. ಆದರೆ ನಿಜವಾದ ನಾಕ್ ಯಾವುದು, ಬರೀ ಗಡಗಡ ಯಾವುದು ಎಂದು ಕಲಿಸಿಕೊಡುವವರೆಗೆ ಆ ಸೆನ್ಸರಿಗೂ ಗೊತ್ತಾಗುವುದಿಲ್ಲ. ಅದಕ್ಕಾಗಿ ಟ್ಯೂನ್ ಮಾಡುವವರು ಸೆನ್ಸರಿನ ಸದ್ದನ್ನು ದೊಡ್ಡದು ಮಾಡಿ ಹೆಡ್‌ಫೋನಿನಲ್ಲಿ ಕೇಳುತ್ತಾರೆ. ಹರಿತವಾದ ಸಣ್ಣ ಸದ್ದು ಅದು.

"ನಿನಗೆ ಕಿವಿ ಉಂಟಲ್ಲ ಅಕ್ಕ" ಎಂದ ದಿನೇಶ, ಒಂದು ಸಂಜೆ, ನನ್ನ ಮುಖ ನೋಡದೆ.

ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು. ಹೀಗಾಗಿ ಐವತ್ತರ ಹತ್ತಿರದ, ಬಸ್ಸಿನಲ್ಲಿ ಮುಂದಿನ ಸೀಟು ಸಿಗದಿದ್ದರೆ ವಾಂತಿ ಮಾಡುವ ನಾನು, ಭಾನುವಾರಗಳಲ್ಲಿ ರೇಸಿನ ಕಾರಿನ ಎಡ ಸೀಟಿನಲ್ಲಿ ನಾಲ್ಕು ಪಟ್ಟಿಯ ಬೆಲ್ಟು ಬಿಗಿದು ಕೂರುವವಳಾದೆ.

ಆ ಕಾರನ್ನು ರಸ್ತೆಗೆ ಇಳಿಸುವ ಹಾಗಿರಲಿಲ್ಲ. ಆರ್‌ಸಿಯಲ್ಲಿ ಇರುವ ಎಂಜಿನ್ನಿಗೂ ಒಳಗಿರುವುದಕ್ಕೂ ಈಗ ಸಂಬಂಧವೇ ಉಳಿದಿರಲಿಲ್ಲ. ಟೆಂಪೋದ ಮೇಲೆ ಹೇರಿಕೊಂಡು ಎಡನೀರು ಕಳೆದು ಒಳಗೆ ಹೋಗುತ್ತಿದ್ದೆವು. ಅಲ್ಲಿ ಈಶ್ವರ ಭಟ್ಟರ ಜಾಗ. ಅಪ್ಪನ ಕಾಲದಿಂದ ಪರಿಚಯದವರು. ಮನೆ ಗುಡ್ಡದ ಬುಡದಲ್ಲಿ, ಗುಡ್ಡದ ನೆತ್ತಿಯಲ್ಲಿ ಹಾಸಿಟ್ಟ ಹಾಗೆ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಬಯಲು. ನಮ್ಮ ಕಡೆ ಅದಕ್ಕೆ ಪದವು ಎನ್ನುತ್ತೇವೆ. ಮಳೆಗಾಲದಲ್ಲಿ ಹುಲ್ಲು, ನೀಲಿ ಹೂವು. ಬೇಸಿಗೆಯಲ್ಲಿ ಸುಟ್ಟ ಹಂಚಿನಂತೆ ಕಪ್ಪು ಕಲ್ಲು. ಕಲ್ಲು ಸಾಗಿಸುವ ಲಾರಿಗಳು ಮಾಡಿದ ದಾರಿಯೊಂದು ಅದರ ಮೇಲೆ ಒಂದು ಕಿಲೋಮೀಟರಿನಷ್ಟು ಸುತ್ತು ಬರುತ್ತದೆ. ದಾರಿಯ ದೂರದ ತುದಿಯಲ್ಲಿ ಒಂಟಿ ಕಾಸರಕದ ಮರ. ಬೇರೆ ನೆರಳಿಲ್ಲ.

ಚಿಕ್ಕಂದಿನಲ್ಲಿ ಅಜ್ಜಿ ನಮ್ಮನ್ನು ಮಧ್ಯಾಹ್ನ ಹನ್ನೆರಡಕ್ಕೆ ಪದವಿಗೆ ಹೋಗಗೊಡುತ್ತಿರಲಿಲ್ಲ. ರಾತ್ರಿಗಿಂತಲೂ ಆ ಹೊತ್ತಿಗೇ ಅವರಿಗೆ ಹೆದರಿಕೆ. ರಾತ್ರಿಯಾದರೆ ಬರುವವರ ಕೈಯಲ್ಲಿ ದೀಪವಾದರೂ ಇರುತ್ತದೆ, ನಡುಹಗಲಿನಲ್ಲಿ ಯಾರಿಗೂ ನೆರಳಿರುವುದಿಲ್ಲ, ಯಾರು ಯಾರೆಂದು ತಿಳಿಯುವುದಿಲ್ಲ ಎನ್ನುತ್ತಿದ್ದರು. ಕಾಲೇಜಿನಲ್ಲಿ ಓದುವಾಗ ಇದನ್ನು ಹೇಳಿ ಗೆಳತಿಯರನ್ನು ನಗಿಸಿದ್ದೇನೆ.

ಮೊದಲ ಭಾನುವಾರ ಎಂಜಿನ್ನು ಚೆನ್ನಾಗಿಯೇ ಓಡಿತು. ಹೆಡ್‌ಫೋನಿನಲ್ಲಿ ಎಂಜಿನ್ನಿನ ಒಡಲು ಸಮುದ್ರದಂತೆ ಮೊರೆಯುತ್ತದೆ. ಅದರ ನಡುವೆ ಒಂದು ಸಣ್ಣ ಸದ್ದಿಗಾಗಿ ಕಾಯಬೇಕು. ಮೂರನೆಯ ಸುತ್ತಿನಲ್ಲಿ, ಕಾಸರಕದ ಮರದ ಹತ್ತಿರ, ಕೇಳಿತು. ಟಕ್. ಟಕ್ ಟಕ್. ನಾನು ಕೈ ಎತ್ತಿದೆ. ದಿನೇಶ ಕೂಡಲೇ ಕಾಲು ತೆಗೆದ. ಪರದೆಯಲ್ಲಿಯೂ ಕೆಂಪು ಚುಕ್ಕೆ ಬಿದ್ದಿತ್ತು.

ಕಿಡಿಯ ಹೊತ್ತನ್ನು ಸ್ವಲ್ಪ ಹಿಂದಕ್ಕೆ ಹಾಕಿದ. ಮತ್ತೆ ಹೋದೆವು. ಮರದ ಹತ್ತಿರ ಮತ್ತೆ ಟಕ್. ಪೆಟ್ರೋಲು ಹೆಚ್ಚಿಸಿದ, ಟರ್ಬೊದ ಒತ್ತಡ ಇಳಿಸಿದ. ಟಕ್ ಟಕ್. ಸಂಜೆ ಲ್ಯಾಪ್‌ಟಾಪಿನಲ್ಲಿ ದಾರಿಯ ನಕ್ಷೆಯ ಮೇಲೆ ಕೆಂಪು ಚುಕ್ಕೆಗಳನ್ನು ಹರಡಿ ನೋಡಿದಾಗ ಅವೆಲ್ಲ ಒಂದೇ ಕಡೆ, ಸಕ್ಕರೆಗೆ ಮುತ್ತಿದ ಇರುವೆಗಳಂತೆ ಒತ್ತಿಕೊಂಡಿದ್ದವು. ಉಳಿದ ಇಡೀ ಸುತ್ತಿನಲ್ಲಿ ಒಂದೂ ಇಲ್ಲ.

"ಎಂಜಿನ್ನಿಗೆ ಎಂತ ಜಾಗ ಗೊತ್ತುಂಟಾ?" ಎಂದು ಕೇಳಿದೆ.

"ಅಲ್ಲಿ ಏರು ಇರ್ಬೇಕು. ಲೋಡು ಜಾಸ್ತಿ ಆಗ್ತದೆ" ಎಂದ.

ಏರು ಇರಲಿಲ್ಲ. ಎರಡನೆಯ ಭಾನುವಾರ ಸುತ್ತನ್ನು ತಿರುಗುಮುರುಗಾಗಿ ಓಡಿಸಿದ. ಮರದ ಹತ್ತಿರವೇ ಟಕ್. ಪ್ಲಗ್ಗು ಬದಲಿಸಿದ, ಎಂಜಿನ್ನನ್ನು ಹಿಡಿದಿರುವ ರಬ್ಬರುಗಳನ್ನು ಬದಲಿಸಿದ, ಚಕ್ರಕ್ಕೆ ಕಲ್ಲು ಸಿಡಿಯುತ್ತಿರಬಹುದೆಂದು ದಾರಿ ಗುಡಿಸಿದ. ಭಟ್ಟರು ಮಜ್ಜಿಗೆ ಕಳಿಸಿದವರು ತಾವೂ ಬಂದು ನೋಡಿ, ಮುಂಡಾಸು ಕಟ್ಟಿಕೊಂಡು ಪದವು ಗುಡಿಸುವ ಗಲ್ಫಿನ ಎಂಜಿನಿಯರನನ್ನು ಕಂಡು ಬಂದ ಹಾಗೆಯೇ ಇಳಿದು ಹೋದರು. ಮೂರನೆಯ ಭಾನುವಾರ ನಡೆಯುವ ವೇಗದಲ್ಲಿ ಕಾರು ಬಿಟ್ಟ. ಅಷ್ಟು ಮೆಲ್ಲಗೆ ಹೋಗುವಾಗ ನಾಕ್ ಬರಲು ಸಾಧ್ಯವೇ ಇಲ್ಲವಂತೆ. ಬಂತು. ಮೆಲ್ಲಗೆ ಹೋದ ಕಾರಣ ಹೆಚ್ಚು ಹೊತ್ತು ಕೇಳಿತು, ಅಷ್ಟೇ.

ಆ ವಾರವೆಲ್ಲ ದಿನೇಶ ಸರಿಯಾಗಿ ಊಟ ಮಾಡಲಿಲ್ಲ. ಹದಿನಾಲ್ಕು ವರ್ಷ ಇನ್ನೊಬ್ಬರ ಕಾರುಗಳನ್ನು ಓಡುವ ಹಾಗೆ ಮಾಡಿದವನಿಗೆ ತನ್ನ ಒಂದೇ ಒಂದು ಎಂಜಿನ್ನು ಬಗ್ಗುತ್ತಿರಲಿಲ್ಲ. ತನ್ನ ಕಿವಿ ಸರಿ ಇದ್ದಿದ್ದರೆ ಗೊತ್ತಾಗುತ್ತಿತ್ತು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ನನಗೂ ನನ್ನ ಬಗ್ಗೆ ಸಂಶಯ ಹುಟ್ಟಿತ್ತು. ನಮ್ಮ ಕಸುಬಿನಲ್ಲಿ ಒಂದು ಕ್ರಮ ಉಂಟು. ಪರೀಕ್ಷೆಯ ನಡುವೆ ನಾವು ಬೇಕೆಂದೇ ಸ್ವಲ್ಪ ಹೊತ್ತು ಯಾವ ಸದ್ದನ್ನೂ ಕಳಿಸುವುದಿಲ್ಲ. ಆಗಲೂ ಗುಂಡಿ ಒತ್ತುವವರಿದ್ದಾರೆ. ಸುಳ್ಳು ಹೇಳುವವರಲ್ಲ ಅವರು. ಕಾಯುವ ಕಿವಿ ಕಾದದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಆದರೆ ಪರದೆಯ ಮೇಲಿನ ಕೆಂಪು ಚುಕ್ಕೆಗಳಿಗೆ ಕಾಯುವ ಕಿವಿ ಇರಲಿಲ್ಲವಲ್ಲ.

ನಾಲ್ಕನೆಯ ಭಾನುವಾರ ನಾವು ಪದವಿಗೆ ತಲುಪುವಾಗ ಹನ್ನೊಂದು ದಾಟಿತ್ತು. ಮಾರ್ಚಿನ ಬಿಸಿಲು. ದಿನೇಶ ನೇರವಾಗಿ ಕಾಸರಕದ ಮರದ ಬಳಿ ಕಾರು ತಂದು ನಿಲ್ಲಿಸಿದ. ಎಂಜಿನ್ನು ಸುಮ್ಮನೆ ಓಡುತ್ತಿತ್ತು.

"ಉಂಟಾ?"

"ಉಂಟು" ಎಂದೆ. ಟಕ್. ಟಕ್ ಟಕ್.

ಅವನು ಕೀಲಿ ತಿರುಗಿಸಿ ಎಂಜಿನ್ನು ನಿಲ್ಲಿಸಿದ. ಹೆಡ್‌ಫೋನಿನಲ್ಲಿ ಕಡಲು ನಿಂತಿತು. ಬಿಸಿ ಲೋಹ ತಣಿಯುವ ಚಿಟಿಚಿಟಿ ಸ್ವಲ್ಪ ಹೊತ್ತು. ಆಮೇಲೆ ಅದೂ ನಿಂತಿತು. ನಾನು ಹೆಡ್‌ಫೋನು ತೆಗೆಯಲು ಕೈ ಎತ್ತಿದ್ದೆ.

ಟಕ್.

ಟಕ್ ಟಕ್.

ನನ್ನ ಮುಖದಲ್ಲಿ ಏನು ಕಂಡಿತೋ, ಅವನು ಹೆಡ್‌ಫೋನನ್ನು ನನ್ನ ತಲೆಯಿಂದ ಎಳೆದು ತನ್ನ ಕಿವಿಗೆ ಇಟ್ಟುಕೊಂಡ. ಅವನ ಕಿವಿಯ ನಕ್ಷೆ ನನ್ನ ಕಡತದಲ್ಲಿದೆ. ಅಷ್ಟು ಹರಿತವಾದ ಸದ್ದು ಅವನಿಗೆ ಕೇಳಬಾರದು. ಅವನ ಬೆರಳು ಸ್ಟಿಯರಿಂಗಿನ ಮೇಲೆ ತಾನಾಗಿ ತಾಳ ಹಾಕಿತು. ಒಂದು. ಒಂದು, ಎರಡು.

"ಅಕ್ಕ, ಇದು ಎಂಜಿನ್ನಲ್ಲ" ಎಂದ.

ಬಾನೆಟ್ ತೆರೆದು, ಬಿಸಿಗೆ ಕೈ ಸುಟ್ಟುಕೊಂಡು, ಆ ಸೆನ್ಸರನ್ನು ಬಿಚ್ಚಿದ. ವಯರು ಸಾಲುವಷ್ಟು ದೂರ ತಂದು ಮರದ ಬುಡದ ಬೋಳು ಕಲ್ಲಿಗೆ ಒತ್ತಿ ಹಿಡಿದ. ಹೆಡ್‌ಫೋನು ಮತ್ತೆ ನನ್ನ ಕಿವಿಯಲ್ಲಿತ್ತು. ಸದ್ದು ಈಗ ಹತ್ತು ಪಟ್ಟು ಹತ್ತಿರ. ಕಲ್ಲಿಗೆ ಕಬ್ಬಿಣ ಬಡಿಯುವ ಸದ್ದು. ಯಾರೋ ಕೆಳಗೆ, ಆಯಾಸಗೊಂಡವರು, ನಿಂತು ನಿಂತು ಬಡಿಯುತ್ತಿರುವ ಹಾಗೆ.

ಆಗ ನಾನು ಮಾಡಿದ್ದು ಯಾಕೆ ಮಾಡಿದೆನೋ ಗೊತ್ತಿಲ್ಲ. ಒಂದು ಕಲ್ಲು ಹೆಕ್ಕಿ ನೆಲಕ್ಕೆ ಮೂರು ಸಲ ಬಡಿದೆ. ಸದ್ದು ನಿಂತಿತು. ಬಿಸಿಲು, ನಮ್ಮಿಬ್ಬರ ಉಸಿರು. ಆಮೇಲೆ ಕೆಳಗಿನಿಂದ ಟಕ್, ಟಕ್, ಟಕ್. ಮೂರು.

ಕಾರನ್ನು ಅಲ್ಲೇ ಬಿಟ್ಟು ಗುಡ್ಡ ಇಳಿದು ಓಡಿದೆವು. ಭಟ್ಟರು ಊಟಕ್ಕೆ ಮೊದಲು ಕೈಕಾಲು ತೊಳೆಯುತ್ತಿದ್ದರು.

"ಗುಡ್ಡದ ಒಳಗೆ ಯಾರಾದ್ರೂ ಇದ್ದಾರಾ ಭಟ್ರೇ?" ದಿನೇಶ ಏದುಸಿರು ಬಿಡುತ್ತಿದ್ದ.

"ಕುಂಞಂಬು ಇದ್ದಾನಲ್ಲ, ಸುರಂಗದಲ್ಲಿ. ನೀರು ಕಡಿಮೆ ಆಯ್ತು ಅಂತ ಇನ್ನು ನಾಲ್ಕು ಕೋಲು ಮುಂದೆ ತೆಗೆಸುವ ಅಂತ. ಬೆಳಿಗ್ಗೆ ಚಾ ಕುಡಿದು ಹೋದವ" ಎಂದರು. ಹೇಳುತ್ತಿದ್ದ ಹಾಗೆಯೇ ಅವರ ಕೈಯ ತಂಬಿಗೆ ನಿಂತಿತು. "ಜೊತೆಯವನಿಗೆ ಜ್ವರ. ಇವತ್ತು ಒಬ್ಬನೇ."

ನಮ್ಮ ಕಡೆಯ ಗುಡ್ಡಗಳಲ್ಲಿ ಬಾವಿಯನ್ನು ಅಡ್ಡವಾಗಿ ತೋಡುತ್ತಾರೆ. ಒಬ್ಬರು ಬಗ್ಗಿ ನಡೆಯುವಷ್ಟು ಅಗಲದ ಕತ್ತಲೆ, ಅದರ ಕೊನೆಯಿಂದ ಹರಿದು ಬರುವ ತಣ್ಣಗಿನ ನೀರು. ಅದೇ ಸುರಂಗ. ಕುಂಞಂಬು ಅಣ್ಣ ಜೀವಮಾನವಿಡೀ ಅದನ್ನೇ ತೋಡಿದವರು. ನಾವು ಬಾಯಿಯ ಹತ್ತಿರ ಹೋಗಿ ಕೂಗಿದಾಗ ನಮ್ಮ ಕೂಗು ಮಾತ್ರ ತಿರುಗಿ ಬಂತು, ಅದೂ ಬೇಗ. ಟಾರ್ಚು ಹಾಕಿದರೆ ನಲುವತ್ತು ಹೆಜ್ಜೆಯ ಆಚೆ ಕೆಂಪು ಮಣ್ಣಿನ ಗೋಡೆ.

ಕಲ್ಲು ಕೋರೆಯ ಕೆಲಸದವರು ಬಂದರು, ಫಯರ್ ಫೋರ್ಸಿನವರು ಬಂದರು. ಮರದ ಹಲಗೆ ಆನಿಸುತ್ತ, ಮಣ್ಣನ್ನು ಬುಟ್ಟಿಯಲ್ಲಿ ಕೈದಾಟಿಸುತ್ತ ಮುಂದೆ ಹೋದರು. ದಿನೇಶ ಮೊದಲಿನ ಸಾಲಿನಲ್ಲಿದ್ದ. ನಾಲ್ಕು ಗಂಟೆಯ ಹೊತ್ತಿಗೆ ಕುಂಞಂಬು ಅಣ್ಣನನ್ನು ಹೊರಗೆ ತಂದರು. ಮೈಯೆಲ್ಲ ಕೆಂಪು, ಕಣ್ಣು ಮಾತ್ರ ಬಿಳಿ. ಕಣ್ಣು ಬಿಸಿಲಿಗೆ ಮುಚ್ಚಿಕೊಂಡಿತು. ಜೀವ ಇತ್ತು. ಭಟ್ಟರ ಹೆಂಡತಿ ಗೋಡೆ ಹಿಡಿದು ಕುಳಿತು ಅತ್ತುಬಿಟ್ಟರು.

ಆಂಬುಲೆನ್ಸು ಹೋದ ಮೇಲೆ ಭಟ್ಟರು ದಿನೇಶನ ಎರಡೂ ಕೈ ಹಿಡಿದುಕೊಂಡು, "ನಿಮಗೆ ಹೇಗೆ ಗೊತ್ತಾಯ್ತು?" ಎಂದರು. ಅವನು ಕಾಸರಕದ ಮರದ ವಿಷಯ ಹೇಳಿದ. ಭಟ್ಟರು ಗುಡ್ಡದ ನೆತ್ತಿಯ ಕಡೆ ನೋಡಿದರು. ಆಮೇಲೆ, "ಮರದ ಹತ್ತಿರ ಸುರಂಗ ಇಲ್ಲ ಮಾರಾಯ. ಇದು ಈಚೆ ತಿರುಗ್ತದೆ. ಮರಕ್ಕೂ ಇದಕ್ಕೂ ಒಂದು ಗದ್ದೆಯಷ್ಟು ದೂರ" ಎಂದರು. ಕಲ್ಲಿನಲ್ಲಿ ಸದ್ದು ದೂರ ಹೋಗುತ್ತದೆ ಎಂದ ದಿನೇಶ. ನಾನೂ ತಲೆಯಾಡಿಸಿದೆ. ಆ ಸಂಜೆ ಯಾರಿಗೂ ಅಳತೆ ಬೇಕಾಗಿರಲಿಲ್ಲ.

ಮೂರು ದಿನ ಕಳೆದು ಆಸ್ಪತ್ರೆಗೆ ನೋಡಲು ಹೋದೆವು. ಕುಂಞಂಬು ಅಣ್ಣನ ಮನೆಮಾತು ಮಲಯಾಳ. ಭಟ್ಟರುಗಳ ಗುಡ್ಡಗಳಲ್ಲಿ ತೋಡಿ ತೋಡಿ ಕನ್ನಡ ಕಲಿತವರು. ಎರಡೂ ಕೈಗಳಿಗೆ ಬ್ಯಾಂಡೇಜು ಸುತ್ತಿತ್ತು.

"ನೀವು ಬಡಿದದ್ದು ಒಳ್ಳೆಯದಾಯ್ತು" ಎಂದ ದಿನೇಶ.

ಅವರು ಅವನನ್ನು ನೋಡಿದರು. "ನಾನು ಬಡಿಯಲಿಲ್ಲ ಮಗ. ಹೇಗೆ ಬಡಿಯುವುದು? ಎರಡು ಕೈಯೂ ಮಣ್ಣಿನ ಅಡಿಯಲ್ಲಿ. ಬೆರಳು ಅಲುಗಿಸ್ಲಿಕ್ಕೂ ಆಗ್ತಿರ್ಲಿಲ್ಲ."

"ಆದರೆ ಸದ್ದು..."

"ಕೇಳ್ತಿತ್ತು. ಮಣ್ಣು ಬಿದ್ದದ್ದೇ ಶುರುವಾಯ್ತು. ಒಂದು, ಮತ್ತೆ ಎರಡು. ನೀವು ಮೇಲಿನಿಂದ ಬಡೀತಿದ್ದೀರಿ, ನನಗೆ ಧೈರ್ಯ ಹೇಳ್ಲಿಕ್ಕೆ ಅಂತ ಎಣಿಸಿದೆ. ಅದನ್ನು ಕೇಳ್ತಾ ಕೇಳ್ತಾ ನಿದ್ದೆ ಬಾರದ ಹಾಗೆ ಇದ್ದೆ. ನಿದ್ದೆ ಬಂದಿದ್ರೆ ಮುಗೀತಿತ್ತು."

"ಮಣ್ಣು ಬಿದ್ದದ್ದು ಎಷ್ಟು ಹೊತ್ತಿಗೆ?" ನಾನು ಕೇಳಿದೆ.

"ಒಂಬತ್ತು ಆಗಿರ್ಬಹುದು ಮಗಳೇ."

ಒಂಬತ್ತಕ್ಕೆ ನಾವು ಇನ್ನೂ ಮಂಗಲ್ಪಾಡಿಯ ಮನೆಯಲ್ಲೇ ಟೆಂಪೋಕ್ಕೆ ಕಾಯುತ್ತಿದ್ದೆವು. ನನ್ನ ಮನಸ್ಸು ಇನ್ನೊಂದು ಕಡೆಗೂ ಹೋಯಿತು. "ಆ ಸುರಂಗದ ಕೆಲಸ ಯಾವಾಗ ಶುರು ಮಾಡಿದ್ದು ಅಣ್ಣ?"

"ಅದೇ ವಾರ. ಬುಧವಾರ."

ಕೆಂಪು ಚುಕ್ಕೆಗಳು ಅದಕ್ಕೆ ಮೊದಲಿನ ಮೂರು ಭಾನುವಾರಗಳವು.

ತಿರುಗಿ ಬರುವಾಗ ಬಸ್ಸಿನಲ್ಲಿ ದಿನೇಶ ಕಾರಣಗಳನ್ನು ಹುಡುಕಿದ. ಬಿಸಿಲಿಗೆ ಬಂಡೆ ಹಿಗ್ಗಿದರೆ ಚಿಟಕ್ಕೆನ್ನುತ್ತದೆ. ಒಳಗಿನ ಮಣ್ಣು ಮೊದಲೇ ಸಡಿಲವಾಗಿ ಬೀಳಲು ಹೊರಟಿರಬಹುದು. "ಮೂರಕ್ಕೆ ಮೂರು ಬಡಿದದ್ದು?" ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತ, "ಅದು ನಿನಗೆ ಮಾತ್ರ ಕೇಳಿದ್ದಲ್ವಾ ಅಕ್ಕ" ಎಂದ. ನಿಜ. ಆಗ ಹೆಡ್‌ಫೋನು ನನ್ನ ಕಿವಿಯಲ್ಲಿತ್ತು. ಸದ್ದು ಕಳಿಸದಿದ್ದರೂ ಗುಂಡಿ ಒತ್ತುವ ಎಷ್ಟೋ ಮಂದಿಯ ಹೆಸರಿನ ಮುಂದೆ ನಾನು ಒಂದು ಸಣ್ಣ ಗುರುತು ಹಾಕಿದ್ದೇನೆ. ಆ ದಿನ ನನ್ನ ಹೆಸರಿನ ಮುಂದೆಯೂ ಹಾಕಬೇಕೋ ಏನೋ.

ಕೈ ಗುಣವಾದದ್ದೇ ಕುಂಞಂಬು ಅಣ್ಣ ಕೆಲಸಕ್ಕೆ ಮರಳಿದರು. ಭಟ್ಟರು ಬೇಡವೆಂದರೂ ಕೇಳಲಿಲ್ಲ. ನನ್ನನ್ನು ಕರೆಸಿ ಪದವಿನ ಮೇಲೆ ಸದ್ದು ಕೇಳಿದ ಜಾಗವನ್ನು ತೋರಿಸಲು ಹೇಳಿದರು. ಮರದ ಬುಡದಲ್ಲಿ ನಿಂತು, ಸುರಂಗದ ದಿಕ್ಕನ್ನು ಮನಸ್ಸಿನಲ್ಲೇ ಅಳೆದು ಇಳಿದು ಹೋದರು. ಈ ಸಲ ಜೊತೆಗೆ ಇಬ್ಬರು, ದಾರಿಯುದ್ದಕ್ಕೂ ಹಲಗೆಯ ಆಸರೆ. ಸುರಂಗವನ್ನು ಮರದ ಕಡೆಗೆ ತಿರುಗಿಸಿದರು.

ಮೇ ತಿಂಗಳ ಮೊದಲಿಗೆ ಭಟ್ಟರು ಫೋನು ಮಾಡಿದರು. ಕುಂಞಂಬು ಅಣ್ಣನ ಪಿಕ್ಕಾಸು ಒಂದು ಟೊಳ್ಳಿಗೆ ಬಿದ್ದಿತ್ತು. ಅಲ್ಲಿ ಇನ್ನೊಂದು ಸುರಂಗ.

ನಾನೂ ದಿನೇಶನೂ ಅವರ ಹಿಂದೆ ಬಗ್ಗಿಕೊಂಡು ಒಳಗೆ ಹೋದೆವು. ಪಾದ ಮುಳುಗುವಷ್ಟು ತಣ್ಣಗಿನ ನೀರು. ಹಳೆಯ ಸುರಂಗದ ಗೋಡೆಯಲ್ಲಿ ದೀಪ ಇಡುವ ಸಣ್ಣ ಗೂಡು, ಅದರ ಮೇಲೆ ಮಸಿಯ ಕಲೆ. ಹತ್ತು ಹೆಜ್ಜೆಯ ಆಚೆ ಅದು ಮುಗಿದಿತ್ತು. ಯಾವ ಕಾಲದಲ್ಲೋ ಕುಸಿದು ಕಲ್ಲಿನಂತೆ ಗಟ್ಟಿಯಾದ ಮಣ್ಣು. ಅದರ ಬಾಯಿ ಗುಡ್ಡದ ಯಾವ ಬದಿಯಲ್ಲಿತ್ತೆಂದು ಭಟ್ಟರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವರ ಅಜ್ಜನ ಕಾಗದಪತ್ರಗಳಲ್ಲಿಯೂ ಇಲ್ಲ.

ಕುಂಞಂಬು ಅಣ್ಣ ಟಾರ್ಚನ್ನು ಗೋಡೆಗೆ ಹಿಡಿದರು. ಪಿಕ್ಕಾಸಿನ ಏಟುಗಳ ಗುರುತು ಒಂದರ ಪಕ್ಕ ಒಂದು.

"ನೋಡಿ. ಏಟು ಈ ಕಡೆಯಿಂದ ಬೀಳ್ತಾ ಬಂದಿದೆ. ಎಡಗೈ ಕೆಲಸದವ. ನಾನು ಇಷ್ಟು ವರ್ಷದಲ್ಲಿ ಸುರಂಗದ ಕೆಲಸಕ್ಕೆ ಎಡಗೈಯವನನ್ನು ಕಂಡದ್ದಿಲ್ಲ."

ಆಮೇಲೆ ಟಾರ್ಚನ್ನು ತಾವು ಒಡೆದು ಬಂದ ಜಾಗಕ್ಕೆ ತಿರುಗಿಸಿದರು. ಅಲ್ಲಿ ಏಟುಗಳು ಅಸ್ತವ್ಯಸ್ತವಾಗಿದ್ದವು. ಆಳ ಕಡಿಮೆ, ಒಂದರ ಮೇಲೊಂದು. ಅವೆಲ್ಲ ನಾವು ಬಂದ ದಿಕ್ಕಿಗೆ, ಹೊರಗಿನ ಇಳಿಜಾರಿನ ಕಡೆಗೆ.

"ಇದು ನೀರಿಗಾಗಿ ತೋಡಿದ್ದಲ್ಲ" ಎಂದರು. "ನೀರು ಅವನಿಗೆ ಮೊದಲೇ ಸಿಕ್ಕಿತ್ತು. ಆಮೇಲೆ ಬೆನ್ನ ಹಿಂದೆ ದಾರಿ ಮುಚ್ಚಿತು. ಇದು ಹೊರಗೆ ಬರ್ಲಿಕ್ಕೆ ತೋಡಿದ್ದು."

ನೀರು ನಮ್ಮ ಕಾಲುಗಳನ್ನು ದಾಟಿಕೊಂಡು ಹೊರಗಿನ ಬೆಳಕಿನ ಕಡೆ ಹೋಗುತ್ತಿತ್ತು. ಕುಸಿದ ಮಣ್ಣಿನ ಆಚೆ ಏನಿದೆಯೆಂದು ತೆಗೆದು ನೋಡಬೇಕೇ ಎಂದು ಭಟ್ಟರು ಕೇಳಿದರು. ಕುಂಞಂಬು ಅಣ್ಣ ಬೇಡವೆಂದರು. ಆ ಗೂಡಿನಲ್ಲಿ ಒಂದು ದೀಪ ಹಚ್ಚಿಟ್ಟು ನಮ್ಮನ್ನೆಲ್ಲ ಮುಂದೆ ಬಿಟ್ಟು ತಾವು ಕೊನೆಗೆ ಹೊರಗೆ ಬಂದರು.

ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಕಾರನ್ನು ಮತ್ತೆ ಪದವಿಗೆ ಏರಿಸಿದೆವು. ದಿನೇಶ ಸೆನ್ಸರನ್ನು ಎಂಜಿನ್ನಿನ ಮೈಗೆ ಮರಳಿ ಕೂರಿಸಿದ್ದ. ಮೊದಲ ಸುತ್ತು ಹೊರಟೆವು. ಮರದ ಹತ್ತಿರ ನಾನು ಉಸಿರು ಹಿಡಿದು ಕೇಳಿದೆ. ಕಡಲಿನ ಮೊರೆತ ಮಾತ್ರ. ಎರಡನೆಯ ಸುತ್ತು, ಮೂರನೆಯದು. ಏನೂ ಇಲ್ಲ. ಹಿಂದಕ್ಕೆ ಹಾಕಿದ್ದ ಕಿಡಿಯನ್ನು ಅವನು ಒಂದೊಂದೇ ಮೆಟ್ಟಿಲು ಮುಂದಕ್ಕೆ ತಂದ. ಟರ್ಬೊದ ಒತ್ತಡವನ್ನು ತಾನು ಮೊದಲು ಬರೆದಿಟ್ಟಲ್ಲಿಗೆ ಏರಿಸಿದ. ಎಂಜಿನ್ನು ಒಂದು ಸಲವೂ ತಡವರಿಸಲಿಲ್ಲ. ಸೀಟು ನನ್ನ ಬೆನ್ನನ್ನು ಒದ್ದು ಮುಂದೆ ತಳ್ಳಿತು. ಎರಡು ವರ್ಷ ಹಟ್ಟಿಯಲ್ಲಿ ಮಲಗಿದ್ದು ಹೀಗೆ ಏಳಬಲ್ಲದೆಂದು ನನಗೆ ಅಂದೇ ಗೊತ್ತಾದದ್ದು. ಹನ್ನೆರಡು ಸುತ್ತು ಮುಗಿಸಿ ಇಳಿದಾಗ ದಿನೇಶ ನಗುತ್ತಿದ್ದ.

"ಎಂಜಿನ್ನು ಸರಿ ಉಂಟು ಅಕ್ಕ. ಮೊದಲಿಂದಲೂ ಸರಿಯೇ ಇತ್ತು" ಎಂದ.

"ಇನ್ನು ಮರದ ಹತ್ತಿರ ಎಂತ ಹೆದರಿಕೆ ಇಲ್ಲವಲ್ಲ?" ಎಂದೆ.

"ಹೆದರಿಕೆ ಎಂತದು. ಇಡೀ ಸುತ್ತು ಪೂರ್ತಿ ತುಳಿದೇ ಹೋದದ್ದು ನಾನು."

ಅವನು ನೀರು ಕುಡಿಯಲು ಭಟ್ಟರ ಮನೆಯ ಕಡೆ ಇಳಿದ ಮೇಲೆ ನಾನು ಲ್ಯಾಪ್‌ಟಾಪು ತೆರೆದೆ. ನಾಕ್‌ನ ಗೆರೆ ಮೊದಲಿಂದ ಕೊನೆಯವರೆಗೆ ನೆಟ್ಟಗಿತ್ತು, ಒಂದೂ ಕೆಂಪು ಚುಕ್ಕೆ ಇಲ್ಲ. ಅದರ ಕೆಳಗೆ ಹಸಿರು ಗೆರೆ, ಪೆಡಲನ್ನು ಎಷ್ಟು ತುಳಿದಿದ್ದನೆಂದು ಹೇಳುವಂಥದ್ದು. ಅದು ಪಟ್ಟಿಯ ತುದಿಗೆ ಒತ್ತಿಕೊಂಡೇ ಓಡಿತ್ತು. ಹನ್ನೆರಡು ಸುತ್ತಿನಲ್ಲಿ ಹನ್ನೆರಡು ಕಡೆ ಮಾತ್ರ, ಕಾರು ಕಾಸರಕದ ಮರವನ್ನು ದಾಟುವ ಆ ಒಂದು ಕ್ಷಣ, ಅದು ಕೆಳಗಿಳಿದು ಮತ್ತೆ ಮೇಲೆದ್ದಿತ್ತು.

ಕಡತವನ್ನು ಉಳಿಸಿ ಲ್ಯಾಪ್‌ಟಾಪು ಮುಚ್ಚಿದೆ.